ಡ್ಯೂಕ್ ಆಫ್ ಯಾರ್ಕ್, ಪಿಂಕ್ ಫರ್ ಆ್ಯಪಲ್: ಇಂಗ್ಲೆಂಡಿನ ಹಿತ್ತಲಿಗೆ ಯಾವ ಹಳೆಯ ಆಲೂಗಡ್ಡೆ?

ಇಂಗ್ಲೆಂಡಿನ ಸಣ್ಣ ಹಿತ್ತಲಿನಲ್ಲಿ ಹಳೆಯ ಆಲೂಗಡ್ಡೆ ತಳಿಗಳನ್ನು ಬೆಳೆಯುವವರು ರುಚಿಗಿಂತ ಮೊದಲು ಅಂಗಮಾರಿ ರೋಗ ಬರುವ ಕಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು, ಈ ಎರಡು ತಳಿಗಳನ್ನು ಅಕ್ಕಪಕ್ಕದ ಪಾತಿಗಳಲ್ಲಿ ಬೆಳೆದ ನನ್ನ ಅಭಿಪ್ರಾಯ. ಡ್ಯೂಕ್ ಆಫ್ ಯಾರ್ಕ್ 1891ರ ತಳಿ. ಪಿಂಕ್ ಫರ್ ಆ್ಯಪಲ್ ಬ್ರಿಟನ್ನಿನಲ್ಲಿ ಅದಕ್ಕೂ ಹಳೆಯದು.

ಡ್ಯೂಕ್ ಬೇಗ ಬರುವ ಬೆಳೆ. ಮೊಟ್ಟೆಯ ಟ್ರೇಯಲ್ಲಿಟ್ಟು ಮೊಳಕೆ ಬರಿಸಿದ ಗೆಡ್ಡೆಯನ್ನು ಮಾರ್ಚ್ ಕೊನೆಯಲ್ಲಿ ನೆಟ್ಟರೆ ಜೂನ್ ಕೊನೆಗೋ ಜುಲೈ ಮೊದಲಿಗೋ ಕೀಳಬಹುದು. ಮೇ ತಿಂಗಳ ಹಿಮಕ್ಕೆ ಎಳೆಯ ಚಿಗುರು ಕಪ್ಪಾಗದಂತೆ ಬುಡಕ್ಕೆ ಮಣ್ಣು ಏರಿಸುತ್ತಲೇ ಇರಬೇಕು, ಚಳಿ ಹೆಚ್ಚಿರುವ ರಾತ್ರಿ ಹಳೆಯ ಹೊದಿಕೆಯನ್ನೂ ಹಾಸಬೇಕು. ಅದಕ್ಕಿಂತ ದೊಡ್ಡ ತೊಂದರೆ ನನಗೆ ಎದುರಾಗಿಲ್ಲ. ಜುಲೈನಲ್ಲಿ ತೆರವಾದ ಪಾತಿಯಲ್ಲಿ ಮೆಂತ್ಯ, ಮೂಲಂಗಿ ಬಿತ್ತಬಹುದೆಂಬುದು ಸಣ್ಣ ಲಾಭವೇನಲ್ಲ.

ಪಿಂಕ್ ಫರ್ ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೂ ಜಾಗ ಬಿಡುವುದಿಲ್ಲ. ಅಷ್ಟರಲ್ಲಿ ಬೆಚ್ಚಗಿನ, ತೇವ ತುಂಬಿದ ದಿನಗಳು ಬಂದು, ಹಾಸನದ ರೈತರನ್ನು ಮುಂಗಾರಿನಲ್ಲಿ ಕಾಡುವ ಅದೇ ಅಂಗಮಾರಿ ಇಲ್ಲಿಯೂ ಕಾಣಿಸಿಕೊಳ್ಳುತ್ತದೆ: ಎಲೆಯ ಮೇಲೆ ಕಂದು ಮಚ್ಚೆ, ಒದ್ದೆ ಬೆಳಗಿನಲ್ಲಿ ಎಲೆಯನ್ನು ಮಗುಚಿದರೆ ಮಚ್ಚೆಯ ಅಂಚಿನಲ್ಲಿ ಬಿಳಿಯ ಬೂಷ್ಟು. ಇಲ್ಲಿ ಮನೆತೋಟದವರಿಗೆ ಇದಕ್ಕೆ ಸಿಂಪಡಿಸುವ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲವಾದ್ದರಿಂದ, ಗಿಡವನ್ನು ನೆಲಮಟ್ಟಕ್ಕೆ ಕೊಯ್ದು, ರೋಗದ ಬೀಜಕಣಗಳು ಗೆಡ್ಡೆಗೆ ತಗುಲದಂತೆ ಎರಡು ವಾರ ಬಿಟ್ಟು ಅಗೆಯುವುದೊಂದೇ ದಾರಿ. ಆಗ ಇಳುವರಿ ಕಡಿಮೆಯಾಗುವುದು ಸಹಜ. ಕೈಗೆ ಬಂದ ಗೆಡ್ಡೆಯೂ ಹಸಿಶುಂಠಿಯಂತೆ ಗಂಟುಗಂಟಾಗಿದ್ದು, ಸಂದಿನ ಮಣ್ಣು ತೆಗೆಯಲು ಹಲ್ಲುಜ್ಜುವ ಬ್ರಷ್ಷೇ ಬೇಕು. ಸಿಪ್ಪೆ ಹೆರೆಯುವ ಗೋಜಿಗಂತೂ ನಾನು ಹೋಗುವುದಿಲ್ಲ.

ಆದರೂ ಅಡುಗೆಮನೆಯಲ್ಲಿ ಪಿಂಕ್ ಫರ್‌ಗೆ ಸಾಟಿಯಿಲ್ಲ. ಹುಳಿಯಲ್ಲಿ ಎಷ್ಟು ಕುದಿಸಿದರೂ ಹೋಳು ಒಡೆಯುವುದಿಲ್ಲ, ತಣ್ಣಗಾದ ಮೇಲೆ ರುಚಿ ಇನ್ನೂ ಹೆಚ್ಚುತ್ತದೆ, ಕತ್ತಲೆಯ ತಂಪು ಜಾಗದಲ್ಲಿ ಕಾಗದದ ಚೀಲದಲ್ಲಿಟ್ಟರೆ ಚಳಿಗಾಲವನ್ನೂ ದಾಟಿಸುತ್ತದೆ. ಬೋಂಡಕ್ಕೆ ಮಾತ್ರ ಅದು ಒಗ್ಗದು, ಕಿವುಚಿದರೆ ಅಂಟಾಗುತ್ತದೆ. ಡ್ಯೂಕ್ ಎಳೆಯದಿದ್ದಾಗ ಗಟ್ಟಿ. ಒಂದೆರಡು ವಾರ ಹೆಚ್ಚು ನೆಲದಲ್ಲಿ ಬಿಟ್ಟರೆ ಹಿಟ್ಟಾಗಿ ಬೇಯುತ್ತದೆ, ಮಸಾಲೆ ದೋಸೆಯ ಪಲ್ಯಕ್ಕೆ ಆ ಹದವೇ ಸರಿ. ಪಲ್ಯಕ್ಕಾಗಿ 1902ರ ಕಿಂಗ್ ಎಡ್ವರ್ಡ್ ಇನ್ನೂ ಮೇಲು ಎನ್ನುವವರಿದ್ದಾರೆ, ಒಪ್ಪುತ್ತೇನೆ; ಆದರೆ ಅದೂ ತಡವಾಗಿ ಬರುವ, ಅಂಗಮಾರಿಗೆ ತುತ್ತಾಗುವ ತಳಿ, ಮೇಲಾಗಿ ಅಂಗಡಿಯಲ್ಲೇ ಸುಲಭವಾಗಿ ಸಿಗುವಂಥದ್ದು.

ಒಂದೇ ಪಾತಿ ಇರುವವರಿಗೆ ನಾನು ಡ್ಯೂಕ್ ಅನ್ನೇ ಹೇಳುತ್ತೇನೆ. ಎರಡನೆಯ ಪಾತಿ ಗಾಳಿಯಾಡುವ ಕಡೆ ಇದ್ದರೆ ಪಿಂಕ್ ಫರ್ ಅನ್ನು ಸಾಲುಗಳ ನಡುವೆ 75 ಸೆಂಟಿಮೀಟರ್ ಅಂತರ ಕೊಟ್ಟು ನೆಡಬಹುದು. ಯಾವುದೇ ಆದರೂ ಮನೆಯ ಗೆಡ್ಡೆಯನ್ನೇ ವರ್ಷವರ್ಷ ನೆಟ್ಟರೆ ವೈರಸ್ ಸೇರಿಕೊಂಡು ಬೆಳೆ ಸೊರಗುತ್ತದೆ. ತಂಪು ಗಾಳಿಯಿಂದಾಗಿ, ಆ ವೈರಸ್ ಹರಡುವ ಗಿಡಹೇನಿನ ಕಾಟ ಕಡಿಮೆಯಿರುವ ಸ್ಕಾಟ್ಲೆಂಡಿನಲ್ಲಿ ಬೆಳೆದ, ಪ್ರಮಾಣಿತ ಬಿತ್ತನೆ ಗೆಡ್ಡೆಯನ್ನು ಪ್ರತಿ ವರ್ಷ ಹೊಸದಾಗಿ ಕೊಳ್ಳುವುದು ಮೇಲು.