ಆದಿ ಕ್ರೈಸ್ತ ಸಭೆಗಳ ಕಲಹ ಮತ್ತು ಐಕ್ಯ: ಮೈಸೂರಿನ ಒಂದು ಉಪನ್ಯಾಸ ಮಾಲೆಯ ವಿಮರ್ಶೆ

ಮೈಸೂರಿನ ಸಂತ ಫಿಲೋಮಿನಾ ಚರ್ಚಿನಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಬಾಡಿಗೆ ಸಭಾಂಗಣವೊಂದರಲ್ಲಿ ಆರು ಭಾನುವಾರ ಸಂಜೆ ನಡೆದ ಈ ಉಪನ್ಯಾಸ ಮಾಲೆಗೆ ನಾನು ಪ್ರತಿ ವಾರವೂ ಮಂಡ್ಯದಿಂದ ರೈಲಿನಲ್ಲಿ ಹೋಗಿ ಬಂದೆ. ಶುಲ್ಕ 600 ರೂಪಾಯಿ. ಟಿಪ್ಪಣಿಗಳ ಪ್ರತಿ ಮತ್ತು ನಡುವಿನ ಕಾಫಿ ಅದರಲ್ಲೇ ಸೇರಿತ್ತು. ನಾನು ಕ್ರೈಸ್ತನಲ್ಲ, ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ರೋಮನ್ ಸಾಮ್ರಾಜ್ಯದ ಪಾಠದ ಕೊನೆಗೆ ಕ್ರೈಸ್ತ ಧರ್ಮದ ಉದಯವನ್ನು ಒಂದೇ ಪುಟದಲ್ಲಿ ಮುಗಿಸಿಬಿಡುತ್ತಿದ್ದ ನನಗೆ, ಆ ಪುಟದ ಹಿಂದೆ ಎಷ್ಟೊಂದು ಜಗಳಗಳೂ ರಾಜಿಗಳೂ ಇದ್ದವೆಂಬುದು ಇಲ್ಲಿ ತಿಳಿಯಿತು.

ಉಪನ್ಯಾಸಕರು ದೇವತಾಶಾಸ್ತ್ರದಿಂದ ಆರಂಭಿಸದೆ ಊಟದಿಂದ ಆರಂಭಿಸಿದ್ದೇ ಈ ಮಾಲೆಯ ದೊಡ್ಡ ಗುಣ. ಜೆರುಸಲೇಮಿನ ಮೊದಲ ಸಭೆಯಲ್ಲಿ, ಅಂದರೆ ಕ್ರೈಸ್ತ ಸಮುದಾಯದಲ್ಲಿ, ದಿನನಿತ್ಯದ ಆಹಾರ ಹಂಚಿಕೆಯ ವೇಳೆ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂದು ಗ್ರೀಕ್ ಭಾಷೆಯ ಯೆಹೂದ್ಯ ವಿಶ್ವಾಸಿಗಳು ಗೊಣಗಿದರು. ಅದಕ್ಕಾಗಿ ಏಳು ಮಂದಿಯನ್ನು ಆರಿಸಲಾಯಿತು. ಸ್ತೆಫನನಿಂದ ಹಿಡಿದು ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ದೂರು ಹೇಳಿದವರ ಕಡೆಯವರ ಕೈಗೇ ಹಂಚಿಕೆಯನ್ನು ಒಪ್ಪಿಸಿದಂತೆ ಇದು ಕಾಣುತ್ತದೆ ಎಂದು ಅವರು ವಿವರಿಸಿದಾಗ, ಐಕ್ಯವೆಂಬುದು ಆ ಜನಕ್ಕೆ ಬರಿಯ ಭಾವನೆಯಾಗಿರದೆ ಒಂದು ವ್ಯವಸ್ಥೆಯೂ ಆಗಿತ್ತೆಂಬುದು ನನಗೆ ಮೊದಲ ಬಾರಿ ಸ್ಪಷ್ಟವಾಯಿತು.

ಎರಡನೆಯ ವಾರದ ಅಂತಿಯೋಕ್ಯದ ಪ್ರಸಂಗವೇ ಇಡೀ ಮಾಲೆಯ ತಿರುಳು. ಯೇಸುವಿನ ಪ್ರಮುಖ ಶಿಷ್ಯ ಪೇತ್ರನು ಅಲ್ಲಿ ಯೆಹೂದ್ಯೇತರರೊಂದಿಗೆ ಕುಳಿತು ಉಣ್ಣುತ್ತಿದ್ದನು. ಜೆರುಸಲೇಮ್ ಸಭೆಯ ಮುಖಂಡ ಯಾಕೋಬನ ಕಡೆಯಿಂದ ಕೆಲವರು ಬಂದೊಡನೆ ಹಿಂಜರಿದು ಬೇರೆಯಾದನು. ಧರ್ಮಪ್ರಚಾರಕ ಪೌಲನ ಜೊತೆಗಾರ ಬಾರ್ನಬನೂ ಅವರತ್ತ ಸರಿದನು. ಪೌಲನು ಎಲ್ಲರ ಮುಂದೆ ಪೇತ್ರನನ್ನು ಮುಖಾಮುಖಿ ಖಂಡಿಸಿದನು. ಪೌಲನೇ ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಇದು ಇದೆ. ಉಪನ್ಯಾಸಕರು ಇದಕ್ಕೆ ಬಳಸಿದ ಪದ ‘ಪಂಕ್ತಿಭೇದ’. ನಮ್ಮ ಜಿಲ್ಲೆಗಳಲ್ಲಿ ಯಾರು ಯಾರ ಸಾಲಿನಲ್ಲಿ ಕೂರುತ್ತಾರೆ, ಯಾರಿಗೆ ಎಲೆ ಬೇರೆ ಎಂಬುದನ್ನು ಕಣ್ಣಾರೆ ಕಂಡು ಬೆಳೆದವರಿಗೆ ಆ ಪದದ ನಂತರ ಬೇರೆ ವ್ಯಾಖ್ಯಾನ ಬೇಕಿರಲಿಲ್ಲ. ಆದರೆ ಹೋಲಿಕೆಯನ್ನು ಅವರು ಎಳೆದಾಡಲಿಲ್ಲ. ಯೆಹೂದ್ಯರ ಆಹಾರ ನಿಯಮಗಳ ಹಿಂದೆ ಪರಕೀಯ ಆಳ್ವಿಕೆಯ ಕೆಳಗೂ ತಮ್ಮತನವನ್ನು ಉಳಿಸಿಕೊಂಡ ಜನರ ನೋವಿನ ಚರಿತ್ರೆಯಿದೆ, ಅದನ್ನು ಜಾತಿಯೊಂದಿಗೆ ಸಮೀಕರಿಸಬಾರದು ಎಂದು ಎಚ್ಚರಿಸಿದರು. ಈ ಎಚ್ಚರ ನನಗೆ ಬಹಳ ಹಿಡಿಸಿತು.

ಗ್ರೀಸಿನ ಕೊರಿಂಥ ಪಟ್ಟಣದ ವಾರವೂ ಸಮೃದ್ಧವಾಗಿತ್ತು. ‘ನಾನು ಪೌಲನವನು’, ‘ನಾನು ಅಪೊಲ್ಲೋಸನವನು’, ‘ನಾನು ಕೇಫನವನು’ (ಅಪೊಲ್ಲೋಸ ಇನ್ನೊಬ್ಬ ಬೋಧಕ, ಕೇಫ ಎಂದರೆ ಪೇತ್ರ) ಎಂದು ಬಣಗಳಾದ ಸಭೆಯ ಸುದ್ದಿಯನ್ನು ಕ್ಲೋಯೆ ಎಂಬಾಕೆಯ ಮನೆಯವರು ಪೌಲನಿಗೆ ಮುಟ್ಟಿಸಿದ್ದರು. ಯೇಸುವಿನ ನೆನಪಿನ ‘ಕರ್ತನ ಭೋಜನ’ಕ್ಕೆ ಕೂಡಿದಾಗ ಒಬ್ಬನು ಹಸಿದಿರುತ್ತಾನೆ, ಇನ್ನೊಬ್ಬನು ಕುಡಿದು ಮತ್ತನಾಗಿರುತ್ತಾನೆ ಎಂಬ ಪೌಲನ ಆಕ್ಷೇಪವನ್ನು ಓದಿ, ಸಿರಿವಂತರ ಮನೆಗಳಲ್ಲಿ ಊಟದ ಕೋಣೆ ಚಿಕ್ಕದಾಗಿದ್ದು ಕೆಲವರಷ್ಟೇ ಒಳಗೆ ಒರಗಿ ಉಣ್ಣಬಹುದಾಗಿತ್ತು, ಕೆಲಸ ಮುಗಿಸಿ ತಡವಾಗಿ ಬಂದ ಆಳುಗಳಿಗೆ ಹೊರಗಿನ ಅಂಗಳವೇ ಗತಿಯಾಗಿದ್ದಿರಬೇಕು ಎಂಬ ವಿದ್ವಾಂಸರ ಊಹೆಯನ್ನು ರೋಮನ್ ಮನೆಯ ನಕ್ಷೆಯ ಮೇಲೆ ತೋರಿಸಿದರು. ಒಂದೇ ದೇಹಕ್ಕೆ ಹಲವು ಅವಯವಗಳೆಂಬ ಪ್ರಸಿದ್ಧ ರೂಪಕವನ್ನು ಪೌಲನು ಇಂಥ ಜಗಳದ ನಡುವೆ ಬಳಸಿದನೆಂದು ತಿಳಿದ ಮೇಲೆ ಆ ಮಾತುಗಳ ತೂಕವೇ ಬೇರೆ.

ನಾಲ್ಕನೆಯ ವಾರ ಸಂಚಾರದ ಜೊತೆಗಾರ ಮಾರ್ಕನ ವಿಷಯಕ್ಕೆ ಪೌಲನೂ ಬಾರ್ನಬನೂ ಅಗಲಿದ್ದು, ಜೆರುಸಲೇಮಿನ ಬಡವರಿಗಾಗಿ ಗ್ರೀಕ್ ಪ್ರಾಂತಗಳಾದ ಮಕೆದೋನ್ಯ ಮತ್ತು ಅಖಾಯದಲ್ಲಿ ಹಣ ಕೂಡಿಸಿದ್ದು ಇವೆರಡೂ ಬಂದವು.

ಕೊನೆಯ ಎರಡು ವಾರಗಳ ಬಗ್ಗೆ ನನಗೆ ಅಸಮಾಧಾನವಿದೆ. ಹಿರಿಯರನ್ನು ಪದಚ್ಯುತಗೊಳಿಸಿದ ಕೊರಿಂಥದವರಿಗೆ ಮೊದಲ ಶತಮಾನದ ಕೊನೆಯ ಹೊತ್ತಿಗೆ ರೋಮಿನಿಂದ ಹೋದ ಕ್ಲೆಮೆಂತನ ಪತ್ರ, ಬಿಷಪರ ಸುತ್ತ ಸಭೆ ಒಂದಾಗಬೇಕೆಂದ ಅಂತಿಯೋಕ್ಯದ ಇಗ್ನಾಷಿಯಸನ ಪತ್ರಗಳು, ಈಸ್ಟರ್ ಹಬ್ಬದ ದಿನದ ವಿವಾದ, 325ರಲ್ಲಿ ಬಿಷಪರು ಕೂಡಿದ ನೈಸಿಯಾ ಸಮ್ಮೇಳನ, ಎಲ್ಲವನ್ನೂ ಅಲ್ಲಿಗೇ ತುರುಕಲಾಯಿತು. ಸುಮಾರು 155ರಲ್ಲಿ ಸ್ಮಿರ್ನಾದ ಬಿಷಪ್ ಪಾಲಿಕಾರ್ಪನು ರೋಮಿಗೆ ಬಂದು ಅಲ್ಲಿನ ಬಿಷಪ್ ಅನಿಸೀಟಸನೊಂದಿಗೆ ಹಬ್ಬದ ದಿನದ ಬಗ್ಗೆ ಚರ್ಚಿಸಿದನು. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಸಲಾಗಲಿಲ್ಲ. ಆದರೂ ಅನಿಸೀಟಸನು ತನ್ನ ಸಭೆಯಲ್ಲಿ ಬಲಿಪೂಜೆಯನ್ನು (ಅದೇ ಕರ್ತನ ಭೋಜನ) ನಡೆಸುವ ಗೌರವವನ್ನು ಪಾಲಿಕಾರ್ಪನಿಗೆ ಬಿಟ್ಟುಕೊಟ್ಟನು, ಇಬ್ಬರೂ ಸಮಾಧಾನದಿಂದ ಬೀಳ್ಕೊಂಡರು. ಮುಂದೆ ರೋಮಿನ ಬಿಷಪ್ ವಿಕ್ಟರನು ಇದೇ ಕಾರಣಕ್ಕೆ ಏಷ್ಯಾ ಪ್ರಾಂತದ (ಇಂದಿನ ಪಶ್ಚಿಮ ಟರ್ಕಿಯ) ಸಭೆಗಳನ್ನು ಬಹಿಷ್ಕರಿಸಲು ಹೊರಟಾಗ ಲಿಯೋನಿನ ಬಿಷಪ್ ಐರೇನಿಯಸನು ಈ ಹಳೆಯ ನಡತೆಯನ್ನೇ ನೆನಪಿಸಿ ಹಾಗೆ ಮಾಡಬೇಡವೆಂದನು. ಭಿನ್ನಾಭಿಪ್ರಾಯ ಉಳಿದೂ ಊಟ ಒಂದೇ ಆಗಿದ್ದ ಈ ಪ್ರಸಂಗ, ಭಿನ್ನ ಆಚರಣೆಯವರು ಒಟ್ಟಿಗೆ ಉಣ್ಣಬಹುದೇ ಎಂದು ಅಂತಿಯೋಕ್ಯದಲ್ಲಿ ಎದ್ದ ಪ್ರಶ್ನೆಗೆ ಸಿಗುವ ಅತ್ಯುತ್ತಮ ಉತ್ತರ. ಅದಕ್ಕೆ ಹತ್ತೇ ನಿಮಿಷ ಕೊಟ್ಟದ್ದು ನನಗೆ ನಿಜಕ್ಕೂ ಬೇಸರ ತಂದಿತು.

ಟಿಪ್ಪಣಿಗಳು ಪೂರ್ತಿ ಇಂಗ್ಲಿಷಿನಲ್ಲಿದ್ದವು. ಕನ್ನಡದಲ್ಲಿ ಇಷ್ಟು ಸೊಗಸಾಗಿ ಮಾತನಾಡಿದವರು ಬರೆಹವನ್ನೂ ಕನ್ನಡದಲ್ಲೇ ಕೊಡಬೇಕಿತ್ತು. ಇದು ಸಣ್ಣ ಮಾತಲ್ಲ. ಯೇಸು ಸಾರಲು ಕಳಿಸಿದ ಶಿಷ್ಯರನ್ನು ಸಭಾಂಗಣದಲ್ಲಿ ಕಥೋಲಿಕರು ‘ಪ್ರೇಷಿತರು’ ಎಂದರೆ ಪ್ರೊಟೆಸ್ಟೆಂಟರು ‘ಅಪೊಸ್ತಲರು’ ಎನ್ನುತ್ತಿದ್ದರು, ನನ್ನಂಥವರಿಗೆ ಎರಡೂ ಹೊಸವು. ಬೈಬಲಿನ ಎರಡು ಅನುವಾದಗಳ ಪದಗಳನ್ನು ಪಕ್ಕಪಕ್ಕದಲ್ಲಿಟ್ಟ ಒಂದು ಪುಟವಿದ್ದರೂ ಸಾಕಾಗುತ್ತಿತ್ತು. ಪ್ರಶ್ನೋತ್ತರದ ಸಮಯವನ್ನು ಮಾತ್ರ ಉದಾರವಾಗಿ ಬಿಟ್ಟರು. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತಿತರ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದಾಗ ಬಿಷಪರ ಅಧಿಕಾರದ ಪ್ರಶ್ನೆ ಎಷ್ಟು ಕಠಿಣವಾಗಿತ್ತೆಂದು ಹಿರಿಯ ಕೇಳುಗರೊಬ್ಬರು ಎತ್ತಿದ ಚರ್ಚೆ ಅರ್ಧ ಗಂಟೆ ನಡೆಯಿತು, ಯಾರೂ ಎದ್ದು ಹೋಗಲಿಲ್ಲ.

ಮುಂದಿನ ತಂಡಕ್ಕೆ ಸೇರುವವರು ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನೂ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹನ್ನೊಂದನೆಯ ಅಧ್ಯಾಯವನ್ನೂ ಓದಿಕೊಂಡು ಹೋಗಲಿ. ಎರಡನೆಯ ಶತಮಾನಕ್ಕೆ ಇನ್ನೂ ಎರಡು ಭಾನುವಾರ ಸೇರಿಸುವುದಾದರೆ ನಾನು ಮತ್ತೊಮ್ಮೆ ಶುಲ್ಕ ಕಟ್ಟಿ ಮಂಡ್ಯದಿಂದ ಬರುತ್ತೇನೆ.