ಕಳ್ಳಿ ನೋಡೋಕೆ ಮೂರು ಗುಡ್ಡ: ನನ್ನ ಓಟು ಹಿರೇಬೆಣಕಲ್ಲಿಗೆ

ಬಳ್ಳಾರಿಯಲ್ಲಿದ್ದು ಕಾಡಿನ ಕಳ್ಳಿ ನೋಡಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಗಂಗಾವತಿ ಹತ್ತಿರದ ಹಿರೇಬೆಣಕಲ್. ಬಳ್ಳಾರಿಯದೇ ಕೋಟೆ ಗುಡ್ಡ, ಸಂಡೂರಿನ ಗುಡ್ಡ ಎರಡನ್ನೂ ಸುತ್ತಿ, ಕೈ ಚುಚ್ಚಿಸಿಕೊಂಡು ಬಂದ ಮೇಲಿನ ಮಾತಿದು.

ಚುಚ್ಚಿದ್ದು ಕೋಟೆ ಗುಡ್ಡದಲ್ಲಿ. ಮನೆಯಿಂದ ಆಟೊದಲ್ಲಿ ಹತ್ತು ನಿಮಿಷ. ಬಂಡೆ ಸಂದಿಯಲ್ಲಿ ಪಾಪಾಸುಕಳ್ಳಿ ಕೆಂಪಗೆ ಹಣ್ಣು ಬಿಟ್ಟಿತ್ತು. "ಸಣ್ಣವರಿದ್ದಾಗ ತಿಂತಿದ್ವಲ್ಲ, ಕೀಳಲೇ" ಅಂದ ಗೆಳೆಯ. ಉದ್ದ ಮುಳ್ಳು ತಪ್ಪಿಸಿ ಹುಷಾರಾಗಿಯೇ ಕಿತ್ತೆ. ಆಗ ಹಣ್ಣನ್ನು ಕಲ್ಲಿಗೆ ತಿಕ್ಕಿ ತಿನ್ನುತ್ತಿದ್ದೆವು ಅನ್ನೋದು ಕಿತ್ತ ಮೇಲೆ ನೆನಪಾಯಿತು. ಹಣ್ಣಿನ ಮೇಲೆ ಚುಕ್ಕಿಯಂತೆ ಕಾಣುವುದೆಲ್ಲ ಕೂದಲಿಗಿಂತ ಸಣ್ಣ ಮುಳ್ಳಿನ ಗೊಂಚಲು. ಒಂದೊಂದಕ್ಕೂ ಹಿಮ್ಮುಖ ಕೊಕ್ಕೆ. ಹೋಗುವಾಗ ಸಲೀಸು, ಬರುವಾಗ ಇಲ್ಲ.

ಮನೆಗೆ ಬಂದು ಜೋಳದ ರೊಟ್ಟಿ ಮುರಿದರೆ ಚುರುಕ್, ಮೊಬೈಲ್ ಮುಟ್ಟಿದರೆ ಚುರುಕ್, ಅಂಗಿ ಗುಂಡಿ ಹಾಕಿದರೆ ಚುರುಕ್. ಬೆರಳನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತಿದ್ದವು. ಅಮ್ಮ ಬೈಯುತ್ತಲೇ ಚಿಮುಟದಲ್ಲಿ ಒಂದಷ್ಟು ಎಳೆದಳು. ಉಳಿದವಕ್ಕೆ ಫೆವಿಕಾಲ್ ಬಳಿದು, ಪೂರ್ತಿ ಒಣಗಿಸಿ, ಸಿಪ್ಪೆ ಸುಲಿದ ಹಾಗೆ ಕಿತ್ತೆ. ಮೂರು ಸಲ ಬಳಿಯಬೇಕಾಯಿತು. ಹೆಬ್ಬೆರಳು ನಾಲ್ಕನೇ ದಿನ ನನ್ನದಾಯಿತು.

ಇಷ್ಟು ಕಾಡಿದ್ದು ಈ ನೆಲದ ಗಿಡವೂ ಅಲ್ಲ. ಅಮೆರಿಕ ಖಂಡದಿಂದ ಬಂದು ದಕ್ಷಿಣ ಭಾರತದ ಹೊಲಗಳಿಗೆ ನುಗ್ಗಿದ ಪಾಪಾಸುಕಳ್ಳಿ, 1926ರಲ್ಲಿ ಅದರ ರಸ ಹೀರುವ ಕೋಚಿನಿಯಲ್ ಹುಳು ತರಿಸಿ ಬಿಟ್ಟ ಮೇಲೆ ಹತೋಟಿಗೆ ಬಂತು. ಗಿಡದ ಮೇಲೆ ಬಿಳಿ ಹತ್ತಿ ಅಂಟಿದ ಹಾಗಿದ್ದರೆ ಅದೇ ಹುಳು. ಕಡ್ಡಿಯಿಂದ ಒತ್ತಿದರೆ ರಕ್ತದಂಥ ಕೆಂಪು. ಕತ್ತಾಳೆಯೂ ಮೆಕ್ಸಿಕೊ ಕಡೆಯದೇ. ಅದಕ್ಕೆ ಗುಡ್ಡ ಯಾಕೆ, ಹೊಲದ ಬದು ಸಾಕು.

ಸಂಡೂರು ಹಸಿರು ನೋಡೋಕೆ ಚೆಂದ. ಮಳೆ ಜಾಸ್ತಿ, ಕಳ್ಳಿ ಕಡಿಮೆ, ಅದಿರು ಲಾರಿಗಳ ಕೆಂಧೂಳು ಬೇರೆ.

ಹಿರೇಬೆಣಕಲ್ಲಿನಲ್ಲಿ ಸಿಗುವುದು ಇಲ್ಲಿಯದೇ ಸರಕು. ಊರವರು ಮೊರೇರ ಗುಡ್ಡ ಅನ್ನುವ ಆ ಬೆಟ್ಟದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಮನೆಗಳಿವೆ, ಚಪ್ಪಡಿ ಕಲ್ಲಿನ ಸಮಾಧಿಗಳು. ಜನ ಅವನ್ನು ನೋಡೋಕೆ ಬರುತ್ತಾರೆ, ನಾನು ಬಂಡೆ ಸಂದಿಗೆ ಬಗ್ಗುತ್ತೇನೆ. ಚದುರಗಳ್ಳಿ, ಪೊದೆಗೆ ಸುತ್ತಿದ ಮಂಗರವಳ್ಳಿ, ಅದೃಷ್ಟವಿದ್ದರೆ ಕ್ಯಾರಲೂಮ ಅನ್ನುವ ಪುಟ್ಟ ರಸಭರಿತ ಗಿಡ. ಕ್ಯಾರಲೂಮ ನನಗೆ ಸಿಕ್ಕಿದ್ದು ನೊಣಗಳಿಂದ. ಎಲೆಯಿಲ್ಲದ, ಬೆರಳು ಗಾತ್ರದ ಚೌಕ ಕಾಂಡ. ತುದಿಯಲ್ಲಿ ಚೆಂಡಿನಂತೆ ಕಪ್ಪುಗೆಂಪು ಹೂಗಳು. ಮೂಗು ಹತ್ತಿರ ಒಯ್ದೆ: ಸತ್ತ ಇಲಿ! ಪರಾಗಸ್ಪರ್ಶಕ್ಕೆ ನೊಣ ಬೇಕಲ್ಲ, ಅದಕ್ಕೇ ಆ ಅತ್ತರು. ಕ್ಯಾರಲೂಮ ಅನ್ನುವ ಶಾಸ್ತ್ರೀಯ ಹೆಸರು ಹುಟ್ಟಿದ್ದೂ ತೆಲುಗಿನಿಂದ. ಬಳ್ಳಾರಿಯವರಿಗೆ ಅರ್ಧ ನೆಂಟನೇ.

ಚದುರಗಳ್ಳಿಯ ಹಾಲು ಕಣ್ಣಿಗೆ ತಾಗಬಾರದು. ಮುರಿದರೆ ಹಾಲು ಬರುವುದು ನಮ್ಮ ಕಳ್ಳಿ, ಪಾಪಾಸುಕಳ್ಳಿಗೆ ಹಾಲಿಲ್ಲ. ಹಾಗಂತ ಪರೀಕ್ಷೆಗೆ ಮುರಿಯಬೇಡಿ.

ಹಿರೇಬೆಣಕಲ್ಲಿನ ತಕರಾರು ಒಂದೇ. ಗಿಡಗಳು ಮೈತುಂಬಿಕೊಳ್ಳುವ ಮಳೆಗಾಲದಲ್ಲೇ ತುಂಗಭದ್ರಾ ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟರೆ ದಾರಿಯಲ್ಲಿ ಸಿಗುವ ಕಂಪ್ಲಿ ಸೇತುವೆ ಮುಳುಗುತ್ತದೆ. ಒಮ್ಮೆ ಹೊಳೆ ದಂಡೆಯಲ್ಲಿ ಮಿರ್ಚಿ ತಿಂದು ವಾಪಸಾಗಿದ್ದೇನೆ. ಹಾಗಾಗಿ ನೀರು ಇಳಿದ ಮೇಲೆ, ಬೈಕಿನಲ್ಲಿ, ವರ್ಷಕ್ಕೆ ಎರಡು ಸಲ. ನನ್ನ ಪೆಟ್ರೋಲ್ ಲೆಕ್ಕಕ್ಕೆ ಅಷ್ಟೇ ಕೂಡುವುದು. ಉಳಿದ ಭಾನುವಾರಗಳಿಗೆ ಕೋಟೆ ಗುಡ್ಡವೇ, ಕೈ ಮಾತ್ರ ಜೇಬಿನಲ್ಲಿ.