ಯುದ್ಧಗಾಯದ ಪಿಂಚಣಿ: ಮೇಲ್ಮನವಿಯನ್ನು ಮಧ್ಯವರ್ತಿಯ ಕೈಗೆ ಒಪ್ಪಿಸುವ ಮುನ್ನ

ಅಂಗವೈಕಲ್ಯ ಪಿಂಚಣಿಯನ್ನು ಹೆಚ್ಚು ಮಾಡಿಸಿಕೊಡುತ್ತೇವೆಂದು ಮಾಜಿ ಸೈನಿಕರ ಮನೆ ಹುಡುಕಿಕೊಂಡು ಬರುವವರು ನಮ್ಮ ಹೊಸನಗರ ತಾಲ್ಲೂಕಿನ ಒಳಹಳ್ಳಿಗಳನ್ನೂ ಬಿಟ್ಟಿಲ್ಲ. ಅಂಥ ಒಬ್ಬರ ಮಾತಿಗೆ ಒಪ್ಪಿ ನಮ್ಮ ಚಿಕ್ಕಪ್ಪ ಕಳೆದುಕೊಂಡದ್ದರಲ್ಲಿ ಕೊಟ್ಟ ಹಣ ಸಣ್ಣ ಭಾಗ. ನ್ಯಾಯವಾಗಿ ಸಿಗಬೇಕಾಗಿದ್ದ ಯುದ್ಧಗಾಯದ ಪಿಂಚಣಿಯ ದಾರಿಯೇ ಅದರಿಂದ ಕಠಿಣವಾಯಿತು. ಆ ವ್ಯಕ್ತಿಯ ಹೆಸರನ್ನಾಗಲಿ ಕಚೇರಿಯ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಅವರು ಕೆಲಸ ಮಾಡುವ ರೀತಿ ತಿಳಿದರೆ ಬೇರೆ ಹೆಸರಿನಲ್ಲಿ ಬಂದವರನ್ನೂ ಗುರುತಿಸಬಹುದು.

ಚಿಕ್ಕಪ್ಪ 1994ರಲ್ಲಿ ಸೇನೆಗೆ ಸೇರಿ 2018ರಲ್ಲಿ ಹವಾಲ್ದಾರರಾಗಿ ನಿವೃತ್ತರಾದರು. ಜಮ್ಮು ಮತ್ತು ಕಾಶ್ಮೀರದಲ್ಲಿ ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆಯೊಂದರಲ್ಲಿ ನಡೆದ ಸ್ಫೋಟದಲ್ಲಿ ಅವರ ಎಡಗಾಲಿಗೆ ಪೆಟ್ಟಾಗಿ, ಅಂದಿನಿಂದ ಒಂದು ಕಿವಿಯೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಸೇವೆಯಿಂದ ಹೊರಹಾಕದೆ ಲೋ ಮೆಡಿಕಲ್ ಕೆಟಗರಿಯಲ್ಲಿ, ಅಂದರೆ ಪೂರ್ಣ ದೈಹಿಕ ಕ್ಷಮತೆ ಇಲ್ಲದವರ ವರ್ಗದಲ್ಲಿ, ಇಟ್ಟುಕೊಂಡು, ಅವಧಿ ಮುಗಿದ ಮೇಲೆ ಬಿಡುಗಡೆ ಮಾಡಿದರು. ಬಿಡುಗಡೆಯ ಮೆಡಿಕಲ್ ಬೋರ್ಡ್ ಕಾಲಿನ ಊನವನ್ನು ಶೇಕಡಾ 30 ಎಂದು ಬರೆದು ಸೇವೆಗೆ ಸಂಬಂಧಿಸಿದ್ದೆಂದು ಒಪ್ಪಿತು. ಕಿವಿಯ ದೋಷವನ್ನು ಮಾತ್ರ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿತು. ಪಿಂಚಣಿ ಆದೇಶ ಬಂದಾಗ ಕಾಲಿನ ಗಾಯಕ್ಕೆ ಸಾಮಾನ್ಯ ಅಂಗವೈಕಲ್ಯದ ಮೊತ್ತ ಮಾತ್ರ ಮಂಜೂರಾಗಿತ್ತು.

ಇಲ್ಲಿಯೇ ಇಡೀ ವಿಷಯದ ಮರ್ಮವಿದೆ. ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಆದೇಶವು ಸೈನಿಕರ ಸಾವು ಮತ್ತು ಊನಗಳನ್ನು ಎ ಇಂದ ಇ ವರೆಗಿನ ಐದು ವರ್ಗಗಳಾಗಿ ವಿಂಗಡಿಸಿದೆ. ಕರ್ತವ್ಯದಲ್ಲಿದ್ದಾಗಿನ ಅಪಘಾತ ಸಿ ವರ್ಗಕ್ಕೆ ಸೇರಿದರೆ, ಯುದ್ಧ, ಗಡಿ ಚಕಮಕಿ, ಉಗ್ರರ ವಿರುದ್ಧದ ಕಾರ್ಯಾಚರಣೆ ಮುಂತಾದವುಗಳಲ್ಲಿ ಆದ ಗಾಯ ಇ ವರ್ಗಕ್ಕೆ ಸೇರುತ್ತದೆ. ನಿವೃತ್ತಿಯವರೆಗೆ ಸೇವೆಯಲ್ಲೇ ಉಳಿದವರಿಗೆ, ಶೇಕಡಾ 100 ಊನವಿದ್ದಲ್ಲಿ, ಸಾಮಾನ್ಯ ಅಂಗವೈಕಲ್ಯದ ಮೊತ್ತ ಕೊನೆಯ ವೇತನದ ಶೇಕಡಾ 30 ಆಗಿದ್ದರೆ ಯುದ್ಧಗಾಯದ ಮೊತ್ತ ಶೇಕಡಾ 60. ಊನ ಕಡಿಮೆಯಾದಂತೆ ಇವೆರಡೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆ. ಒಂದೇ ಕಾಲು, ಒಂದೇ ಗಾಯ. ಯಾವ ವರ್ಗದಲ್ಲಿ ಬರೆದರು ಎನ್ನುವುದರ ಮೇಲೆ ಮೊತ್ತ ಇಮ್ಮಡಿಯಾಗುತ್ತದೆ. ಆದ್ದರಿಂದ ಚಿಕ್ಕಪ್ಪನ ಮೇಲ್ಮನವಿ ಕೇಳಬೇಕಾಗಿದ್ದ ಮುಖ್ಯ ಪ್ರಶ್ನೆ ಗಾಯದ ಕಾರಣದ್ದು.

ಮಧ್ಯವರ್ತಿ ಕೇಳಿಸಿದ್ದು ಪ್ರಮಾಣದ ಪ್ರಶ್ನೆಯನ್ನು ಮಾತ್ರ. ಸೈನಿಕರ ಬಾಯಲ್ಲಿ ರೌಂಡಿಂಗ್ ಆಫ್ ಎಂದಾಗಿರುವ ಸೌಲಭ್ಯದಂತೆ ಶೇಕಡಾ 50ಕ್ಕಿಂತ ಕಡಿಮೆ ಇರುವ ಊನವನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದಕ್ಕೂ ಮೇಲಿನದನ್ನು 100 ಎಂದೂ ಲೆಕ್ಕ ಹಿಡಿಯುತ್ತಾರೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿದ ಮೇಲೆ, ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಇಂಥ ಅರ್ಜಿಗೆ ಹೆಚ್ಚಿನ ವಾದವೇ ಬೇಕಾಗುವುದಿಲ್ಲ. ಮಧ್ಯವರ್ತಿಗೆ ಬೇಕಾಗಿದ್ದೂ ಇದೇ: ಸೋಲುವ ಭಯವಿಲ್ಲದ, ಹಳೆಯ ಕಡತ ಹುಡುಕುವ ಶ್ರಮವಿಲ್ಲದ, ಹೆಸರು ಮತ್ತು ಸೇನಾ ಸಂಖ್ಯೆಯನ್ನಷ್ಟೇ ಬದಲಿಸಿ ಹತ್ತಾರು ಜನರಿಗೆ ಸಲ್ಲಿಸಬಹುದಾದ ಅರ್ಜಿ. ಚಿಕ್ಕಪ್ಪನ ಹೆಸರಿನಲ್ಲಿ ಹೋದ ಪ್ರತಿಯನ್ನು ನಾನು ಆಮೇಲೆ ಓದಿದೆ. ಅದರ ಒಂದು ಪುಟದಲ್ಲಿ, ಅವರಿಗೆ ಎಂದೂ ಇಲ್ಲದ ರಕ್ತದೊತ್ತಡದ ಪ್ರಸ್ತಾಪ ಹಾಗೆಯೇ ಉಳಿದುಕೊಂಡಿತ್ತು. ಸ್ಫೋಟದ ದಿನಾಂಕ, ಸ್ಥಳ, ಕಾರ್ಯಾಚರಣೆಯ ಹೆಸರು ಎಲ್ಲಿಯೂ ಇರಲಿಲ್ಲ.

ಕಿವಿಯ ವಿಷಯವನ್ನಂತೂ ಮುಟ್ಟಿಯೇ ಇರಲಿಲ್ಲ. 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದು ಸ್ಪಷ್ಟವಾಗಿದೆ: ಸೇರುವಾಗ ದಾಖಲೆಯಲ್ಲಿ ಯಾವ ದೋಷವನ್ನೂ ಬರೆಯದಿದ್ದರೆ ಸೈನಿಕ ಆರೋಗ್ಯವಾಗಿದ್ದನೆಂದೇ ಭಾವಿಸಬೇಕು, ಆಮೇಲೆ ಬಂದ ಊನ ಸೇವೆಗೆ ಸಂಬಂಧಿಸಿದ್ದಲ್ಲ ಎಂದು ತೋರಿಸುವ ಹೊಣೆ ಸರ್ಕಾರದ್ದು, ಮತ್ತು ಮೆಡಿಕಲ್ ಬೋರ್ಡ್ ತನ್ನ ಅಭಿಪ್ರಾಯಕ್ಕೆ ಕಾರಣ ಕೊಡಬೇಕು. ಕಾರಣವಿಲ್ಲದ ಒಂದು ಸಾಲಿನ ತಿರಸ್ಕಾರಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇರೆ ಯಾವುದಿತ್ತು?

ನ್ಯಾಯಮಂಡಳಿ ಕೇಳಿದ್ದನ್ನು ಕೊಟ್ಟಿತು. ನಿವೃತ್ತರಾದಂದಿನಿಂದಲೂ ಬಾಕಿ ಬರುತ್ತದೆಂದು ಮಧ್ಯವರ್ತಿ ಊರೆಲ್ಲ ಹೇಳಿಕೊಂಡು ತಿರುಗಿದ್ದರೂ, ತಡವಾಗಿ ಕೇಳಿದ ಪಿಂಚಣಿಯ ಬಾಕಿಯನ್ನು ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಸೀಮಿತಗೊಳಿಸಬೇಕೆಂದು 2008ರ ತರ್ಸೇಮ್ ಸಿಂಗ್ ತೀರ್ಪು ಹೇಳುತ್ತದೆ, ಬಂದದ್ದೂ ಅಷ್ಟೇ. ಅದರಲ್ಲಿ ಮೂರನೆಯ ಒಂದು ಪಾಲನ್ನು ಮೊದಲೇ ಪಡೆದಿಟ್ಟುಕೊಂಡಿದ್ದ ಸಹಿ ಮಾಡಿದ ಚೆಕ್ಕಿನಿಂದ ಮಧ್ಯವರ್ತಿ ತೆಗೆದುಕೊಂಡ. ಪ್ರಕರಣದ ಫಲಕ್ಕೆ ತಕ್ಕಂತೆ ಶುಲ್ಕ ಗೊತ್ತುಮಾಡುವುದನ್ನೂ ಬಂದ ಹಣದಲ್ಲಿ ಪಾಲು ಪಡೆಯುವುದನ್ನೂ ಬಾರ್ ಕೌನ್ಸಿಲ್ ನಿಯಮಗಳು ವಕೀಲರಿಗೆ ನಿಷೇಧಿಸಿವೆ. ಪಾಲಿನ ಮಾತು ಎತ್ತಿದವರೊಡನೆ ಅಲ್ಲಿಗೇ ವ್ಯವಹಾರ ನಿಲ್ಲಿಸುವುದು ಒಳ್ಳೆಯದು.

ದೊಡ್ಡ ಪೆಟ್ಟು ಗೊತ್ತಾದದ್ದು ಅನಂತರ. ಯುದ್ಧಗಾಯದ ವರ್ಗವನ್ನು ಕೇಳಿ ಬೇರೆಯಾಗಿ ಬರೆದಾಗ, ನಿಮ್ಮ ಪಿಂಚಣಿಯ ವಿವಾದ ನ್ಯಾಯಮಂಡಳಿಯಲ್ಲಿ ಆಗಲೇ ತೀರ್ಮಾನವಾಗಿದೆ ಎಂಬ ಉತ್ತರ ಬಂತು. ಒಮ್ಮೆ ಕೇಳಬಹುದಾಗಿದ್ದನ್ನು ಕೇಳದೆ ಬಿಟ್ಟು ಮತ್ತೆ ಬಂದಿದ್ದಾರೆ ಎನ್ನುವುದೇ ಸರ್ಕಾರದ ಕಡೆಯ ಮೊದಲ ಆಕ್ಷೇಪವಾಗುತ್ತದೆ. ಸುಲಭವಾದದ್ದನ್ನು ಈಗ ಗೆಲ್ಲೋಣ, ಉಳಿದದ್ದನ್ನು ಆಮೇಲೆ ನೋಡೋಣ ಎಂದು ಯಾರಾದರೂ ಹೇಳಿದರೆ ಈ ಕಾರಣಕ್ಕೆ ಒಪ್ಪಬಾರದು.

ನಮ್ಮಂಥ ಊರುಗಳಲ್ಲಿ ಇನ್ನೊಂದು ಅಪಾಯವಿದೆ. ತೋಟದ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲವೆಂಬ ನೆಪದಲ್ಲಿ ಸ್ಪರ್ಶ್ ಎಂಬ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯ ಖಾತೆಗೆ ಮಧ್ಯವರ್ತಿಯ ಮೊಬೈಲ್ ಸಂಖ್ಯೆಯನ್ನೇ ಜೋಡಿಸಲಾಗಿತ್ತು. ಒಟಿಪಿ, ಸಂದೇಶಗಳೆಲ್ಲ ಅವರಿಗೇ ಹೋಗುತ್ತಿದ್ದವು. ಪಿಂಚಣಿ, ವಾರ್ಷಿಕ ಜೀವಿತ ಪ್ರಮಾಣ, ಬ್ಯಾಂಕ್ ವಿವರ ಎಲ್ಲವೂ ಇರುವ ಖಾತೆ ಅದು. ಸಿಗ್ನಲ್ ಸಿಗುವ ಪೇಟೆಯಲ್ಲಿರುವ ಮಗನದ್ದೋ ಮಗಳದ್ದೋ ಸಂಖ್ಯೆ ಇರಲಿ, ಹೊರಗಿನವರದ್ದು ಬೇಡ.

ಮೇಲ್ಮನವಿಗೆ ಮಧ್ಯವರ್ತಿಯ ಅಗತ್ಯವೇ ಇಲ್ಲ. ತಿರಸ್ಕಾರದ ಪತ್ರ ಕೈಸೇರಿದ ಆರು ತಿಂಗಳೊಳಗೆ ಸೈನಿಕರ ಸೇವಾ ದಾಖಲೆಗಳನ್ನು ಇಟ್ಟಿರುವ ರೆಕಾರ್ಡ್ ಆಫೀಸಿನ ಮೂಲಕ ಮೊದಲ ಮೇಲ್ಮನವಿ, ಅದೂ ತಿರಸ್ಕೃತವಾದರೆ ಮತ್ತೆ ಆರು ತಿಂಗಳೊಳಗೆ ಎರಡನೆಯದು. ಇವೆರಡಕ್ಕೂ ಶುಲ್ಕವಿಲ್ಲ, ಬಿಳಿ ಹಾಳೆಯಲ್ಲಿ ಬರೆದರೂ ಸಾಕು. ಮಳೆಗಾಲದಲ್ಲಿ ಅಂಚೆ ತಡವಾಗುವುದುಂಟು, ಆದ್ದರಿಂದ ಪತ್ರ ಬಂದ ಲಕೋಟೆಯನ್ನು ಮುದ್ರೆಯ ಸಮೇತ ಇಟ್ಟುಕೊಳ್ಳಬೇಕು. ಮೆಡಿಕಲ್ ಬೋರ್ಡಿನ ನಡವಳಿ, ಐಎಎಫ್‌ವೈ-2006 ಎಂಬ ಗಾಯದ ವರದಿ, ಕೋರ್ಟ್ ಆಫ್ ಎನ್‌ಕ್ವಯರಿ ಎಂಬ ಸೇನೆಯ ಒಳವಿಚಾರಣೆ ನಡೆದಿದ್ದರೆ ಅದರ ನಿರ್ಣಯ, ಬ್ಯಾಟಲ್ ಕ್ಯಾಶುಯಲ್ಟಿ (ಯುದ್ಧದಲ್ಲಿ ಗಾಯಗೊಂಡವರು) ಎಂದು ಪ್ರಕಟವಾದ ಪಾರ್ಟ್ ಟು ಆರ್ಡರ್ ಎಂಬ ಸೇವಾ ದಾಖಲೆಯ ಆದೇಶ, ಇವುಗಳ ಪ್ರತಿ ಇಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಡನೆ ಕೇಳಬಹುದು. ಕೇಳುವುದನ್ನು ಮುಂದೂಡಬಾರದು, ಹಳೆಯ ಕಡತಗಳನ್ನು ಅವಧಿ ಮುಗಿದ ಮೇಲೆ ನಾಶಪಡಿಸುವ ಪದ್ಧತಿ ಸೇನೆಯಲ್ಲಿದೆ. ಅರ್ಜಿ ಬರೆಯಲು ನೆರವು ಬೇಕಾದವರು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯನ್ನು ಮೊದಲು ಕೇಳಲಿ. ನ್ಯಾಯಮಂಡಳಿಯವರೆಗೆ ಹೋಗಬೇಕಾದರೆ ಕರ್ನಾಟಕದವರಿಗೆ ಕೊಚ್ಚಿಯ ಪ್ರಾದೇಶಿಕ ಪೀಠವಿದೆ; ವಕೀಲರನ್ನು ನೇರವಾಗಿ ಭೇಟಿಯಾಗಿ, ಅರ್ಜಿಯಲ್ಲಿ ಕೇಳಿರುವ ಪರಿಹಾರಗಳ ಪುಟವನ್ನು ಓದಿಸಿಕೊಂಡು, ಅನಂತರವೇ ವಕಾಲತ್ತಿಗೆ ಸಹಿ ಹಾಕಬೇಕು.

ಚಿಕ್ಕಪ್ಪನ ಗಾಯದ ವರದಿಯ ಪ್ರತಿ ಮಾಹಿತಿ ಹಕ್ಕಿನ ಅರ್ಜಿಯ ಮೂಲಕ ಈಗ ಸಿಕ್ಕಿದೆ. ಸ್ಫೋಟದ ವಿವರ, ಕಾರ್ಯಾಚರಣೆಯ ಹೆಸರು ಎರಡೂ ಅದರಲ್ಲಿವೆ. ಅದನ್ನು ಆಧಾರವಾಗಿಟ್ಟು ಇ ವರ್ಗವನ್ನೂ ಕಿವಿಯ ಊನವನ್ನೂ ಕೇಳುವ ಹೊಸ ಅರ್ಜಿಯನ್ನು ವಿಳಂಬ ಮನ್ನಾ ಕೋರಿಕೆಯೊಂದಿಗೆ ಬೇರೆ ವಕೀಲರಿಂದ ಸಿದ್ಧಪಡಿಸುತ್ತಿದ್ದೇವೆ. ಹಿಂದಿನ ಆದೇಶ ಅದಕ್ಕೆ ಎಷ್ಟು ಅಡ್ಡಬರುತ್ತದೆಂಬುದನ್ನು ಪೀಠವೇ ಹೇಳಬೇಕು. ಮೂಲ ಡಿಸ್ಚಾರ್ಜ್ ಪುಸ್ತಕ ಮಾತ್ರ ಇನ್ನೂ ಮಧ್ಯವರ್ತಿಯ ಬಳಿಯೇ ಇದೆ. ಅದನ್ನು ಕೊಡಿಸಬೇಕೆಂದು ಪೊಲೀಸ್ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದಿದ್ದೇವೆ.